ಗೆರೆ ಗೆರೆ ತವರು

ಎಂಜಿನ್ ಎಂದೊಡನೆ ತದಡಿಯಲ್ಲಿ ಎಲ್ಲರೂ
ಡೀಸೆಲ್ ವಾಸನೆಗೆ ಮೂಗೆತ್ತುತ್ತಾರೆ.
ಅಲ್ಲ ಮಾರಾಯರೇ, ಇದು ಅಕ್ಷರದ್ದು.
ಸದ್ದಿಲ್ಲ, ಹೊಗೆಯಿಲ್ಲ.
ಮಾದರಿ ಚೀಟಿಯೊಂದನ್ನು ಉಣಿಸಿದರೆ
ಖಾಲಿ ಬಿಟ್ಟಲ್ಲಿ ಹೆಸರು ತುಂಬಿ ಕೊಡುತ್ತದೆ,
ಮೂರಾದರೂ ಸೈ, ಮುನ್ನೂರಾದರೂ ಸೈ.

ಆದರೆ ಅದಕ್ಕೆ ಚುಕ್ಕಾಣಿ ಇರಲಿಲ್ಲ.
ಬೇರೆ ಯಾವುದೋ ಪ್ರೋಗ್ರಾಮಿನ ಹೊಟ್ಟೆಯೊಳಗಿಂದ
ಕರೆದರಷ್ಟೇ ಓಗೊಡುವ ಜಾತಿ.
ಸೆಕ್ರೆಟರಿ ವಿಠೋಬರು ಮನೆಗೆ ಹೋದ ಮೇಲೆ
ಸಂಘದ ಹಳೇ ಕಂಪ್ಯೂಟರಿನ ಮುಂದೆ
ಏಳು ಸಂಜೆ ಕೂತು,
ಅದು ಹೊರಗೆ ಚಾಚಿದ ನಾಲ್ಕಾರು ಕೊಂಡಿಗಳಿಗೆ
ನನ್ನ ಹಗ್ಗ ಬಿಗಿದೆ:
ಮಾದರಿ ಓದು, ಪಟ್ಟಿ ತೆರೆ,
ಸಾಲು ಸಾಲಾಗಿ ಸುರಿ,
ತಪ್ಪಿದರೆ ಕೂಗು.
ಈಗ ಕಪ್ಪು ಕಿಟಕಿಯಲ್ಲಿ ಒಂದೇ ಪದ ಕುಟ್ಟಿದರೆ ಸಾಕು.
ಆ ಪದ, ಬಳಚು.

ಹೆಸರಿನ ಜಾಗದ ಗುರುತು ಸುರುಳಿ ಬ್ರಾಕೆಟ್ಟು,
ಎಡಕ್ಕೆರಡು ಬಲಕ್ಕೆರಡು,
ಅಘನಾಶಿನಿಯ ಕೆಸರಿನಿಂದ ಆಗಷ್ಟೇ ಎತ್ತಿ
ಬಾಯಿ ಬಿಡಿಸಿದ ಚಿಪ್ಪಿನ ಹಾಗೇ.
ಚೀಟಿ ಬೇಕಿದ್ದದ್ದೂ ಬಳಚು ಆಯುವವರಿಗೇ,
ಇನ್ನೂರ ಹನ್ನೊಂದು ಹೆಂಗಸರಿಗೆ.

ನಲವತ್ತಮೂರನೇ ಸಾಲಿಗೆ ನಿಂತಿತು.
ಹೆಸರು ಸಿಗಲಿಲ್ಲ, ಎಂದಿತು ಕೆಂಪಕ್ಷರ.
ರಿಜಿಸ್ಟರ್ ಬಿಚ್ಚಿದರೆ ವಿಠೋಬರ ದುಂಡು ಬರಹ:
ಮಾಣಿ ಅಂಬಿಗನ ಕಿರಿಸೊಸೆ.
ಅಷ್ಟೇ. ಪಕ್ಕದ ಕಾಲಮ್ಮು ಬಿಳೀ.

ಸುಲಭದ ದಾರಿ ಇತ್ತು:
ಇಲ್ಲದಿದ್ದರೆ ಇದನ್ನು ಹಾಕು ಎಂದು ಬರೆದರೆ
ಎಂಜಿನ್ ತಕರಾರಿಲ್ಲದೆ ಮುಂದಕ್ಕೆ.
"ಒಂದು ಡ್ಯಾಶ್ ಹೊಡಿಯೋ" ಎಂದರು ವಿಠೋಬರು.
ನನಗೂ ಹಸಿವಾಗಿತ್ತು. ಹೊಡೆದೆ.
ಬೆಚ್ಚಗೆ ಹೊರಬಂತು ಚೀಟಿ:
ಊರು ಇದೆ, ಹುಟ್ಟಿದ ವರ್ಷ ಇದೆ,
ಫೋಟೋ ಅಂಟಿಸುವ ಚೌಕ ಇದೆ,
ಮೇಲೊಂದು ಡ್ಯಾಶ್.

ನಮ್ಮ ಮನೆಯಲ್ಲಿ ಬಳಚು ಕುದಿಸುವ ಮೊದಲು
ಅಮ್ಮ ಒಂದೊಂದನ್ನೂ ತಟ್ಟಿ ನೋಡುತ್ತಾಳೆ.
ಕೆಸರು ತುಂಬಿದ ಸತ್ತ ಚಿಪ್ಪೂ
ಜೀವದ್ದರಂತೆಯೇ ಬಾಯಿ ಮುಚ್ಚಿಕೊಂಡಿರುತ್ತದೆ,
ಒಂದು ಸೇರಿದರೂ ಸಾರು ಚೆಲ್ಲಬೇಕು.

ಮರುದಿನ ಇಳಿತದ ಹೊತ್ತಿಗೆ
ಪ್ಯಾಂಟು ಮಡಚಿ ನದಿಗೆ ಇಳಿದೆ.
ಸೊಂಟದ ತನಕ ನೀರಲ್ಲಿ ಅವಳು,
ಹಗ್ಗ ಕಟ್ಟಿದ ಅಲ್ಯೂಮಿನಿಯಂ ಬೋಗುಣಿ ಹಿಂದೆ ತೇಲುತ್ತ,
ಕಾಲ್ಬೆರಳಲ್ಲೇ ತಡವಿ ತಡವಿ.
"ಹೆಸ್ರೆ? ಯಾವ್ದು ಹೇಳ್ಲಿ?
ಅಪ್ಪನ ಮನೇದೋ, ಇಲ್ಲೀದೋ?
ಅಲ್ಲಿ ಕುಸ್ಲಿ.
ಧಾರೆ ಆದ ದಿನ ಯಮುನಾ ಅಂತ ಇಟ್ರು,
ಇಟ್ಟವ್ರೂ ಹಾಂಗೆ ಕರೀಲಿಲ್ಲ.
ಸರಿ ಆಚೆ, ನಿಂತಲ್ಲೇ ತುಳೀಬೇಡ,
ಕೆಸರೇಳ್ತದೆ."

ಮಾದರಿಯಲ್ಲಿ ಚಿಪ್ಪು ಒಂದೇ ಇತ್ತು.
ರಾತ್ರಿ ಕೂತು ಅದರಡಿ ಇನ್ನೊಂದು ಇಟ್ಟೆ.
ಕಮಾಂಡಿಗೊಂದು ಬಾಲ ಕೂಡಿಸಿದೆ:
ಗೆರೆ, ಗೆರೆ, ತವರು.
ಎಂದರೆ, ಆ ಹೆಸರೂ ಇದ್ದರೆ ಬಿಡದೆ ಹಾಕು.
ಮೊದಲ ಓಟದಲ್ಲಿ ಅದು ದೋಣಿ ಮಾಲಕರ ಪಟ್ಟಿಗೂ ನುಗ್ಗಿ
ನಿಮ್ಮ ತವರು ಎಲ್ಲಿ ಎಂದು
ಅರವತ್ತು ಗಂಡಸರನ್ನು ತಡೆದು ನಿಲ್ಲಿಸಿತು.
ಒಬ್ಬನೇ ನಕ್ಕು, ತಿದ್ದಿ, ಡ್ಯಾಶನ್ನು ಅಳಿಸಿ,
ಮತ್ತೆ ಕುಟ್ಟಿದೆ.
ಸೊನ್ನೆ ಬಂತು.
ಇಲ್ಲಿ ಸೊನ್ನೆ ಎಂದರೆ ಏನೂ ಇಲ್ಲ ಎಂದಲ್ಲ,
ಏನೂ ಕೆಡಲಿಲ್ಲ ಎಂದು.

"ಒಂದು ಚೀಟಿಗೆ ಎಂಟು ದಿನವೋ?" ವಿಠೋಬರದು ರಾಗ.
ಉತ್ತರ ಹುಡುಕುವಷ್ಟರಲ್ಲಿ
ಜಗಲಿಯ ಮೇಲೆ ಹತ್ತು ಹನ್ನೆರಡು ಜನ,
ಸೀರೆಯ ಅಂಚಿಂದ ಉಪ್ಪುನೀರು ತೊಟ್ಟಿಕ್ಕುತ್ತ.
ಕುಸ್ಲಿ ಎಲ್ಲರಿಗೂ ಚೀಟಿ ತೋರಿಸಿದ್ದಳು.
ನಂದೂ ಒಂದು ಉಳಿದಿದೆ, ನಂದೂ, ನಂದೂ.
ಎಲ್ಲರ ಹಿಂದೆ ಕಂಬಕ್ಕೊರಗಿದ ಮುದುಕಿ
ಎಲೆಯಡಿಕೆ ಉಗುಳಿ ಬಂದು ಹೇಳಿದಳು:
"ನಂಗೆ ಮೂರುಂಟು.
ಬರೀತ್ಯೋ?"